ಕೂಗುವವರು ಕಾಯಬಹುದು

ಶಶಿಕಲಾ ಆ ಅರ್ಜಿಯನ್ನು ಭಾನುವಾರದ ಊಟದ ಹೊತ್ತಿಗೆ ಹೊರಗೆ ತೆಗೆದಿದ್ದೇ ತಪ್ಪಾಯಿತು. ತಟ್ಟೆಗೆ ಬಿಸಿ ಮುದ್ದೆ ಹಾಕುತ್ತಿದ್ದ ಅತ್ತೆ ಯಶೋದಮ್ಮನವರ ಕೈ ಅಲ್ಲೇ ನಿಂತಿತು.

"ಏನದು ಕಾಗದ?"

"ಟ್ರೈನಿಂಗ್ ಅತ್ತೆ. ಆರು ವಾರ, ವಾರಕ್ಕೆ ಮೂರು ದಿನ. ಮಲ್ಲತ್ತಹಳ್ಳಿ ಹತ್ರ ಒಂದು ಮೈದಾನದಲ್ಲಿ."

"ಹನ್ನೊಂದು ವರ್ಷದಿಂದ ಆಂಬುಲೆನ್ಸ್‌ನಲ್ಲಿ ಓಡಾಡ್ತಿದೀಯ. ಇನ್ನೂ ಏನ್ ಕಲಿಯೋದು ಉಳಿದಿದೆ?"

ಶಶಿಕಲಾ ಗಂಡನ ಕಡೆ ನೋಡಿದಳು. ಸುಬ್ರಮಣಿ ಹುರುಳಿ ಸಾರಿನ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಎಂಟನೇ ಕ್ಲಾಸಿನಲ್ಲಿದ್ದ ಮಗಳು ಸಂಘಮಿತ್ರಾ ಎಡಗೈಯಲ್ಲಿ ಕಾಗದ ಎಳೆದುಕೊಂಡು ಜೋರಾಗಿ ಓದಿದಳು.

"'ಗುಂಡಿನ ದಾಳಿ, ಸ್ಫೋಟ, ಗಲಭೆ ಮುಂತಾದ ಅಪಾಯದ ಸ್ಥಳಗಳಲ್ಲಿ ಗಾಯಾಳುಗಳಿಗೆ ತುರ್ತು ಚಿಕಿತ್ಸೆ ನೀಡುವ ತರಬೇತಿ.' ಅಮ್ಮಾ, ಸೂಪರ್!"

ಯಶೋದಮ್ಮ ಮುದ್ದೆಯನ್ನು ಪಾತ್ರೆಗೇ ವಾಪಸ್ ಹಾಕಿದರು. "ಗುಂಡು ಹಾರೋ ಜಾಗಕ್ಕೆ ಹೋಗೋದನ್ನ ಕಲಿಸ್ತಾರಾ? ಮನೇಲಿ ಬೆಳೆದ ಮಗಳಿದಾಳೆ. ಅದೆಲ್ಲ ಪೊಲೀಸ್ನೋರ ಕೆಲಸ."

"ಪೊಲೀಸ್ನೋರು ಹೊಡೆದೋನನ್ನ ಹಿಡೀತಾರೆ ಅತ್ತೆ. ಬಿದ್ದೋನನ್ನ ಯಾರು ಎತ್ತೋದು?"

"ನೀನೇ ಎತ್ತಬೇಕಾ? ಇಷ್ಟು ದೊಡ್ಡ ಬೆಂಗಳೂರಲ್ಲಿ ಬೇರೆ ಯಾರೂ ಇಲ್ವಾ?"

ಅರ್ಜಿಯ ಕೊನೆಯಲ್ಲಿ ಮನೆಯವರೊಬ್ಬರ ಸಹಿ ಬೇಕಿತ್ತು. ಸಂಘಮಿತ್ರಾ ಅದನ್ನು ಅಪ್ಪನ ಮುಂದೆ ಹಿಡಿದಳು.

"ಅಮ್ಮ ಒಪ್ಪಿದ್ರೆ ಹಾಕ್ತೀನಿ," ಎಂದ ಸುಬ್ರಮಣಿ.

"ನಾನು ಒಪ್ಪಲ್ಲ," ಎಂದರು ಯಶೋದಮ್ಮ.

"ಹಂಗಾದ್ರೆ ಹಾಕಲ್ಲ."

"ನಿಮಗೆ ಸ್ವಂತ ಬುದ್ಧಿ ಇಲ್ವೇನ್ರೀ?" ಶಶಿಕಲಾ ಕೇಳಿದಳು.

"ಇದೆ. ಆದ್ರೆ ಈ ಮನೇಲಿ ಊಟಾನೂ ಸಿಗಬೇಕಲ್ಲ."

ಮಾವ ಅಂಜಿನಯ್ಯ ನಕ್ಕುಬಿಟ್ಟರು. ಹೆಂಡತಿ ನೋಡಿದ ನೋಟಕ್ಕೆ ನಗುವನ್ನು ಮಜ್ಜಿಗೆಯ ಜೊತೆ ನುಂಗಿಕೊಂಡರು.

"ನಾನು ಹಾಕ್ಲಾ ಸಹಿ?" ಎಂದಳು ಸಂಘಮಿತ್ರಾ.

"ನೀನು ಮೊದಲು ನಿನ್ನ ಪ್ರೋಗ್ರೆಸ್ ಕಾರ್ಡಿಗೆ ನಮ್ಮ ಸಹಿ ಹಾಕೋದನ್ನ ಬಿಡು," ಎಂದ ಸುಬ್ರಮಣಿ.

ಅರ್ಜಿ ನಾಲ್ಕು ದಿನ ಕ್ಯಾಲೆಂಡರಿನ ಹಿಂದೆ ಕೂತಿತು. ಕಾಮಾಕ್ಷಿಪಾಳ್ಯದ ಆ ಮಹಡಿ ಮನೆಯಲ್ಲಿ ಇದ್ದದ್ದು ಎರಡು ರೂಮು, ಒಂದು ಅಡುಗೆಮನೆ. ಕೆಳಗಡೆ ವರ್ಕ್‌ಶಾಪ್. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಪವರ್ ಪ್ರೆಸ್ ಶುರುವಾದರೆ ಡಬರಿ ಮೇಲಿನ ಮುಚ್ಚಳ ನಡುಗುತ್ತಿತ್ತು. ಅಂಥ ಮನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದು ಮುಚ್ಚಿಡುವ ವಿಷಯವಲ್ಲ. ಯಶೋದಮ್ಮ ಸೊಸೆಯ ಡಬ್ಬಿಗೆ ದಿನಾ ಅನ್ನ ತುಂಬಿದರು, ಉಪ್ಪಿನಕಾಯಿ ಮಾತ್ರ ಇಡಲಿಲ್ಲ.

ಗುರುವಾರ ಬೆಳಿಗ್ಗೆ ನೀರು ಬಿಡುವ ದಿನ. ಗಂಡಹೆಂಡತಿ ಇಬ್ಬರೂ ಎದ್ದು ಮೆಟ್ಟಿಲ ಕೆಳಗೆ ಡ್ರಮ್ಮಿಗೆ ಪೈಪು ಹಾಕಿ ನಿಂತಿದ್ದರು. ಶಶಿಕಲಾ ಇದ್ದಕ್ಕಿದ್ದಂತೆ ಹೇಳಿದಳು:

"ಹೋದ ವರ್ಷ ಮಾಗಡಿ ರೋಡ್ ಒಳಗಡೆ ಎರಡು ಗುಂಪಿಗೆ ಗಲಾಟೆ ಆಗಿತ್ತಲ್ಲ, ಕಲ್ಲು, ಬಾಟಲಿ. ಅವತ್ತು ನಮ್ಮ ಗಾಡೀನೇ ಹೋಗಿದ್ದು. ನಿಮಗೆ ಹೇಳಿರಲಿಲ್ಲ."

ಸುಬ್ರಮಣಿ ಪೈಪು ಹಿಡಿದೇ ಇದ್ದ.

"ಶಟರ್‌ಗೆ ಒರಗಿಕೊಂಡು ಒಬ್ಬ ಕೂತಿದ್ದ. ಇಪ್ಪತ್ತೆರಡು ವರ್ಷ ಇರಬಹುದು. ತೊಡೆ ಕೊಯ್ದು ಹೋಗಿತ್ತು. ನಾವು ಸಿಗ್ನಲ್ ಹತ್ರ ನಲವತ್ತು ನಿಮಿಷ ನಿಂತಿದ್ವಿ. ಒಳಗೆ ಹೋಗ್ಬೇಕಾ, ಬೇಡ್ವಾ, ಹೋದ್ರೆ ಹೆಂಗೆ ಹೋಗ್ಬೇಕು, ಯಾರನ್ನ ಕೇಳ್ಬೇಕು, ನಂಗೆ ಒಂದೂ ಗೊತ್ತಿರಲಿಲ್ಲ. ನಾವು ಹೋಗೋ ಹೊತ್ತಿಗೆ ಅವನ ಕೈ ತಣ್ಣಗಾಗಿತ್ತು ಕಣ್ರೀ."

"ಅವತ್ತು ನೀನು ತಲೆನೋವು ಅಂತ ಮಲ್ಕೊಂಡಿದ್ದೆ."

"ಹೂಂ."

ಡ್ರಮ್ಮು ತುಂಬಿ ನೀರು ಇಬ್ಬರ ಕಾಲಿನ ಮೇಲೂ ಹರಿಯಿತು. ಸುಬ್ರಮಣಿ ನಲ್ಲಿ ನಿಲ್ಲಿಸಿ, ಲುಂಗಿಗೆ ಕೈ ಒರೆಸಿಕೊಂಡು ಮೇಲೆ ಹೋದ. ಒದ್ದೆ ಕೈಯಲ್ಲೇ ಸಹಿ ಹಾಕಿದ್ದರಿಂದ ಅವನ ಹೆಸರಿನ ಕೊನೆಯ ಅಕ್ಷರ ಕದಡಿ ಹೋಗಿತ್ತು.

ಅದನ್ನು ನೋಡಿ ಯಶೋದಮ್ಮ ಮಗನಿಗೆ ಹೇಳಿದ್ದು ಇಷ್ಟೇ: "ಹಾಕಿದೀಯಲ್ಲ, ಇನ್ನು ಬೆಳಿಗ್ಗೆ ತಿಂಡಿ ನೀನೇ ಮಾಡು."

ಅವನು ಮಾಡಿದ. ಎರಡು ಬೀದಿ ಆಚೆಯ ಕಾರ್ಖಾನೆಯಲ್ಲಿ ಲೇತ್ ಓಡಿಸುವ ಕೈ ಅವನದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗುರುತಿಸುವಂಥದ್ದು. ಉಪ್ಪಿಟ್ಟಿಗೆ ನೀರು ಎಷ್ಟು ಎಂಬುದು ಮಾತ್ರ ಆ ಕೈಗೆ ಹತ್ತಲಿಲ್ಲ. ಮೊದಲ ದಿನ ಅದು ಗಂಜಿಯಾಯಿತು, ಎರಡನೇ ದಿನ ಉಂಡೆ ಕಟ್ಟಿತು. ಅಂಜಿನಯ್ಯ ಎರಡನ್ನೂ ಚೆನ್ನಾಗಿದೆ ಎಂದು ತಿಂದರು. ಮೂರನೇ ದಿನ ಯಶೋದಮ್ಮ ಸೌಟು ಕಿತ್ತುಕೊಂಡರು.

"ನನ್ನ ರವೆ ಹಾಳು ಮಾಡೋದು ಸಾಕು. ಹೋಗು, ಹೋಗಿ ಸ್ನಾನ ಮಾಡು."

ತರಬೇತಿಯ ಮೈದಾನದಲ್ಲಿ ಪಾಠ ಹೇಳುತ್ತಿದ್ದವರು ಜಂಬಣ್ಣ. ಹೊಸಪೇಟೆ ಕಡೆಯವರು, ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಗಾಯಾಳುಗಳನ್ನು ನೋಡಿಕೊಂಡಿದ್ದು ನಿವೃತ್ತರಾದವರು. ಮೊದಲ ದಿನ ಅವರು ನೆಲದ ಮೇಲೆ ಮೂರು ಬಣ್ಣದ ಹಗ್ಗ ಎಳೆದು ತೋರಿಸಿದರು. ಕೆಂಪು ಹಗ್ಗದೊಳಗೆ ಪೊಲೀಸರಿಗೆ ಮಾತ್ರ ಪ್ರವೇಶ. ಹಳದಿಯೊಳಗೆ ಪೊಲೀಸರ ನಡುವೆ ಬಗ್ಗಿ ಹೋಗಬೇಕು, ಹರಿಯುವ ರಕ್ತ ನಿಲ್ಲಿಸಬೇಕು, ಗಾಯಾಳುವನ್ನು ಎಳೆದುಕೊಂಡು ಬರಬೇಕು. ಮಿಕ್ಕ ಚಿಕಿತ್ಸೆಯೆಲ್ಲ ಹಸಿರು ಹಗ್ಗದ ಈಚೆಗೆ. ಪೊಲೀಸರು ಕೈ ಮಾಡುವ ತನಕ ಯಾರೂ ಹೆಜ್ಜೆ ಕೀಳುವಂತಿಲ್ಲ.

ಹತ್ತು ಕಿಲೋ ತೂಕದ ರಕ್ಷಣಾ ಕವಚ, ತಲೆಗೆ ಹೆಲ್ಮೆಟ್ಟು. ಎರಡನೇ ವಾರ ಮೊದಲ ಅಣಕು ಕಾರ್ಯಾಚರಣೆ. ಪಟಾಕಿ ಸಿಡಿಸಿ, ಹೊಗೆ ಹಾಕಿ, ಸ್ಪೀಕರಿನಲ್ಲಿ ಕಿರುಚಾಟ ಹಾಕಿದ್ದರು. ಗಾಯಾಳುವಿನ ಪಾತ್ರ ಮಾಡುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ನಿಜವಾಗಿಯೂ ಅಳುತ್ತಿದ್ದಳು. ಶಶಿಕಲಾ ಅವಳ ಪಕ್ಕ ಕೂತು ತಲೆ ಸವರಿದಳು. ಒಂದು ನಿಮಿಷವಾಗಿರಬಹುದು. ಜಂಬಣ್ಣ ಬಂದು ಕೋಲಿನಿಂದ ಅವಳ ಭುಜ ತಟ್ಟಿದರು.

"ನೀವು ಸತ್ರಿ ತಾಯಿ. ಎದ್ದು ಈ ಕಡೆ ಬರ್ರಿ."

"ಸಾರ್, ಅವಳು ಅಳ್ತಾ ಇದ್ಲು."

"ಅಳಾಕತ್ತಾಳ ಅಂದ್ರ ಉಸಿರು ಅದ. ಅಳದೆ ಬಿದ್ದಿದ್ದವರು ಇಬ್ರು ಆ ಗೋಡಿ ಹಿಂದ ಇದ್ರು. ಅವರೂ ಹೋದ್ರು, ನೀವೂ ಹೋದ್ರಿ."

ಅಂದು ಶಶಿಕಲಾ ಮನೆಗೆ ಬಂದು ಬಟ್ಟೆಯನ್ನೂ ಬದಲಿಸದೆ ಕೂತಳು. ಯಶೋದಮ್ಮ ಬೀನ್ಸ್ ಮುರಿಯುತ್ತಾ ಎರಡು ಸಲ ಕಣ್ಣೆತ್ತಿ ನೋಡಿ, ಮೂರನೇ ಸಲಕ್ಕೆ ಕೇಳಿಯೇಬಿಟ್ಟರು.

"ಏನಾಯ್ತು?"

"ಇವತ್ತು ಸತ್ತೋದೆ ಅತ್ತೆ."

"ಬಿಡ್ತು ಅನ್ನೇ!" ಯಶೋದಮ್ಮನ ಮಡಿಲಲ್ಲಿದ್ದ ಬೀನ್ಸೆಲ್ಲ ನೆಲಕ್ಕೆ ಚೆಲ್ಲಿತು. "ಮುಸ್ಸಂಜೆ ಹೊತ್ತಲ್ಲಿ ಆಡೋ ಮಾತಾ ಇದು?"

ನಡೆದದ್ದನ್ನು ಶಶಿಕಲಾ ಹೇಳಿದಳು. ಇಬ್ಬರೂ ನೆಲದ ಮೇಲಿನ ಬೀನ್ಸ್ ಆಯುತ್ತಿದ್ದರು. "ಅಳೋ ಮಗೂನ ಬಿಟ್ಟು ಹೋಗು ಅಂತಾನಾ ಅವನು? ಅವನ ಎದೆ ಕಲ್ಲಾ?" ಎಂದರು ಯಶೋದಮ್ಮ. ಮರುದಿನ ಡಬ್ಬಿಯಲ್ಲಿ ಉಪ್ಪಿನಕಾಯಿ ಇತ್ತು.

ಮನೆಯಲ್ಲೂ ಅಭ್ಯಾಸ ಶುರುವಾಯಿತು. ರಕ್ತ ನಿಲ್ಲಿಸುವ ಪಟ್ಟಿಯೊಂದನ್ನು ಶಶಿಕಲಾ ತಂದಿದ್ದಳು. ತೋಳಿಗೋ ತೊಡೆಗೋ ಸುತ್ತಿ, ಅದರಲ್ಲಿರುವ ಕಡ್ಡಿಯನ್ನು ತಿರುವಿದರೆ ನಾಡಿ ನಿಲ್ಲುವಷ್ಟು ಬಿಗಿಯಾಗುತ್ತಿತ್ತು. ಸುಬ್ರಮಣಿ ಕೈ ಚಾಚಿ ಕೂರುತ್ತಿದ್ದ. ಸಂಘಮಿತ್ರಾ ಫೋನಿನಲ್ಲಿ ಹೊತ್ತು ನೋಡುತ್ತಿದ್ದಳು.

"ನಲವತ್ತೊಂದು ಸೆಕೆಂಡ್. ಅಪ್ಪ ಔಟ್."

"ಇನ್ನೊಂದ್ಸಲ," ಎನ್ನುತ್ತಿದ್ದಳು ಶಶಿಕಲಾ.

"ಲೇ, ನಾಳೆ ನಾನು ಲೇತ್ ಮುಂದೆ ನಿಲ್ಲಬೇಕು ಕಣೇ. ಕೈ ಜೋಮು ಹಿಡೀತಿದೆ."

"ಸುಮ್ನಿರಿ. ಸತ್ತೋರು ಮಾತಾಡಲ್ಲ."

ನಾಲ್ಕನೇ ವಾರದ ಹೊತ್ತಿಗೆ ಕಣ್ಣು ಮುಚ್ಚಿಕೊಂಡೇ ಹದಿನೆಂಟು ಸೆಕೆಂಡಿಗೆ ಕಟ್ಟುತ್ತಿದ್ದಳು. ಸುಬ್ರಮಣಿಯ ತೋಳಿನ ಮೇಲಿನ ಕೆಂಪು ಗೆರೆಗಳನ್ನು ನೋಡಿ ಕಾರ್ಖಾನೆಯವರು ಏನೇನೋ ಕೇಳಿದರು. ಹೆಂಡತಿ ಕಟ್ಟಿ ಹಾಕುತ್ತಾಳೆ ಎಂದು ಅವನು ನಿಜವನ್ನೇ ಹೇಳಿದ.

ಕೊನೆಯ ಕಾರ್ಯಾಚರಣೆಗೆ ಗಾಯಾಳುಗಳ ಪಾತ್ರಕ್ಕೆ ಜನ ಸಾಲಲಿಲ್ಲ. ಎಲ್ಲ ವಯಸ್ಸಿನವರೂ ಬೇಕು, ಮನೆಯವರಿದ್ದರೆ ಕರೆದುಕೊಂಡು ಬನ್ನಿ ಎಂದಿದ್ದರು ಜಂಬಣ್ಣ. ಅಂಜಿನಯ್ಯ ಕೂಡಲೇ ಒಪ್ಪಿದರು.

"ಮೂವತ್ತೆರಡು ವರ್ಷ ಫಿಟ್ಟರ್ ಕೆಲಸ ಮಾಡಿದೀನಿ. ಒಂದು ದಿನ ಸುಮ್ನೆ ಮಲ್ಕೊಳ್ಳೋಕೆ ಆಗಲ್ವಾ?"

"ಸಕ್ಕರೆ ಕಾಯಿಲೆ ಇಟ್ಕೊಂಡು ಬಿಸಿಲಲ್ಲಿ ಮಲಗ್ತಾರಂತೆ," ಎನ್ನುತ್ತಾ ಯಶೋದಮ್ಮ ಮಾತ್ರೆ, ನೀರಿನ ಬಾಟಲಿ, ಛತ್ರಿ ಹಿಡಿದುಕೊಂಡು ಗಂಡನನ್ನು ಕಾಯಲು ತಾವೂ ಬಸ್ಸು ಹತ್ತಿದರು. ಮೈದಾನದಲ್ಲಿ ಜಂಬಣ್ಣ ಅವರನ್ನು ನೋಡಿದ್ದೇ ಕೈ ಮುಗಿದರು.

"ಬರ್ರಿ ಅಮ್ಮಾರ. ನಿಮ್ಮಂಥ ಹಿರಿಯರೇ ಬೇಕಾಗಿತ್ತು."

ಹಾಗೆ ಕರೆದ ಮೇಲೆ ಇಲ್ಲವೆನ್ನಲು ಅವರಿಗೆ ಬಾಯಿ ಬರಲಿಲ್ಲ. ಹಳೇ ಸೀರೆಯೊಂದನ್ನು ಮೇಲೆ ಹೊದಿಸಿ, ಕಾಲಿಗೆ ಕೆಂಪು ಬಣ್ಣ ಬಳಿದು, ಕೊರಳಿಗೆ ಚೀಟಿ ಹಾಕಿದರು. 'ಕಾಲು ಮುರಿದಿದೆ. ಮಾತಾಡುತ್ತಾರೆ.' ಹತ್ತು ಮಾರು ದೂರದಲ್ಲಿ ಗೋಡೆಯ ಹಿಂದೆ ಮಲಗಿಸಿದ ಅಂಜಿನಯ್ಯನವರ ಕೊರಳಲ್ಲಿ 'ತೊಡೆಯಲ್ಲಿ ರಕ್ತಸ್ರಾವ. ಪ್ರಜ್ಞೆ ಇಲ್ಲ' ಎಂದಿತ್ತು.

ಪಟಾಕಿ ಸಿಡಿಯಿತು. ಹೊಗೆ ಕವಿಯಿತು. ಇದೆಲ್ಲ ಸುಳ್ಳು ಎಂದು ಯಶೋದಮ್ಮನಿಗೆ ಗೊತ್ತಿತ್ತು, ಆದರೆ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಯಾರೋ ಪಕ್ಕದಲ್ಲೇ ಅರಚಿದರು. ಹೊಗೆಯೊಳಗಿಂದ ಇಬ್ಬರು ಪೊಲೀಸರ ನಡುವೆ ಬಗ್ಗಿಕೊಂಡು ಬರುತ್ತಿದ್ದ ಸೊಸೆ ಕಾಣಿಸಿದಳು.

"ಶಶೀ! ಇಲ್ಲಿದೀನಿ ಕಣೇ! ಶಶೀ!"

ಶಶಿಕಲಾ ತಿರುಗಿ ನೋಡಿದಳು. ಗುರುತು ಹಿಡಿದದ್ದು ಖಂಡಿತ. "ಅಮ್ಮಾ, ಗೋಡೆ ಕಡೆಗೆ ತೆವಳಿ. ಅಲ್ಲೇ ಇರಿ. ಬರ್ತಾರೆ," ಎಂದಳು. ಯಾರೋ ಪರವೂರಿನ ಹೆಂಗಸಿಗೆ ಹೇಳುವ ದನಿಯಲ್ಲಿ. ಹೇಳಿ ಅವರನ್ನು ದಾಟಿಕೊಂಡು ಗೋಡೆಯ ಹಿಂದಕ್ಕೆ ಹೋದಳು. ಮಾವನ ತೊಡೆಗೆ ಪಟ್ಟಿ ಬಿಗಿದು, ಕಟ್ಟಿದ ಹೊತ್ತನ್ನು ಅದರ ಮೇಲೆ ಬರೆದು, ಪೊಲೀಸರೊಬ್ಬರ ಜೊತೆ ಅವರನ್ನು ಬಟ್ಟೆಯ ಮೇಲೆ ಎಳೆದುಕೊಂಡು ಹೊರಟಳು. ಯಶೋದಮ್ಮನನ್ನು ಆಮೇಲೆ ಬೇರೆ ಯಾರೋ ಬಂದು ಕರೆದೊಯ್ದರು.

ಬಸ್ಸಿನಲ್ಲಿ ಯಶೋದಮ್ಮ ಸೊಸೆಯ ಪಕ್ಕ ಕೂರಲಿಲ್ಲ. ಮನೆ ಸೇರಿದ ಮೇಲೆ ಮಗನ ಮುಂದೆ ಮಾತಿನ ಕಟ್ಟೆ ಒಡೆಯಿತು.

"ಹದಿನೈದು ವರ್ಷ ಒಂದೇ ಒಲೆ ಮುಂದೆ ನಿಂತಿದೀವಿ. ಇವಳ ಬಾಣಂತನ ಮಾಡಿದೀನಿ. ಕೂಗಿದ್ರೂ ಕಲ್ಲು ದಾಟಿದ ಹಂಗೆ ದಾಟ್ಕೊಂಡು ಹೋದ್ಲು ಕಣೋ!"

"ಅವಳು ದಾಟಿದ್ದಕ್ಕೇ ನಾನು ಉಳಿದೆ ಕಣೇ," ಎಂದರು ಅಂಜಿನಯ್ಯ.

"ನೀವು ಸುಮ್ನಿರ್ರೀ. ಆರಾಮಾಗಿ ಗೊರಕೆ ಹೊಡೀತಿದ್ರಿ ಅಲ್ಲಿ."

"ಪ್ರಜ್ಞೆ ಇಲ್ಲ ಅಂತ ಬರೆದಿದ್ರಲ್ಲ!"

ಸಂಘಮಿತ್ರಾ ಕಿಸಕ್ಕನೆ ನಕ್ಕಳು. ಶಶಿಕಲಾ ನಗಲಿಲ್ಲ. ಅತ್ತೆಯ ಹಿಂದೆಯೇ ಅಡುಗೆಮನೆಗೆ ಹೋದಳು. ಯಶೋದಮ್ಮ ಅಕ್ಕಿ ತೊಳೆಯುತ್ತಾ ತಿರುಗಿ ನೋಡದೆ ಕೇಳಿದರು.

"ನಿಜವಾಗ್ಲೂ ನನಗೇ ಏನಾದ್ರೂ ಆಗಿದ್ರೂ ಹಂಗೇ ಹೋಗ್ತಿದ್ದಾ?"

"ನೀವು ಕೂಗ್ತಾ ಇದ್ರೆ ಹೋಗ್ತಿದ್ದೆ ಅತ್ತೆ. ನೀವು ಕೂಗದೆ ಬಿದ್ದಿದ್ರೆ, ಯಾರನ್ನ ಬೇಕಾದ್ರೂ ದಾಟಿ ನಿಮ್ಮ ಹತ್ರ ಬರ್ತಿದ್ದೆ. ನನ್ನ ಮಗಳನ್ನೂ ದಾಟಿ."

ಯಶೋದಮ್ಮ ಅಕ್ಕಿಯನ್ನು ಮೂರು ನೀರಲ್ಲಿ ತೊಳೆಯುವವರು. ಅಂದು ಐದು ನೀರಲ್ಲಿ ತೊಳೆದರು. ಆಮೇಲೆ, "ಸೊಪ್ಪು ಬಿಡಿಸು," ಎಂದರು.

ತರಬೇತಿ ಮುಗಿದು ಮೂರು ವಾರವಾಗಿತ್ತು. ಬುಧವಾರ ಬೆಳಿಗ್ಗೆ ಹತ್ತೂವರೆಗೆ ಶಶಿಕಲಾ ಇದ್ದ ಆಂಬುಲೆನ್ಸಿಗೆ ಕರೆ ಬಂತು. ಹತ್ತಿರದ ಬಡಾವಣೆಯೊಂದರ ಹೊಲಿಗೆ ಘಟಕ. ಕೂಲಿಯ ವಿಷಯಕ್ಕೆ ಜಗಳವಾಗಿ ಬಟ್ಟೆ ಕತ್ತರಿಸುವ ಕೆಲಸದವನೊಬ್ಬ ಚೂರಿ ಬೀಸಿದ್ದ. ಪೆಟ್ಟು ಬಿದ್ದವನು ಮೆಟ್ಟಿಲ ತಿರುವಿನಲ್ಲಿ ಬಿದ್ದಿದ್ದ. ಬೀಸಿದವನು ಅದೇ ಮೆಟ್ಟಿಲ ಮೇಲ್ತುದಿಯಲ್ಲಿ, ಚೂರಿ ಕೈಯಲ್ಲೇ ಹಿಡಿದು, ಯಾರು ಹತ್ತಿದರೂ ಬಿಡುವುದಿಲ್ಲ ಎಂದು ಅರಚುತ್ತಿದ್ದ. ಬಂದಿದ್ದವರು ಇಬ್ಬರೇ ಕಾನ್‌ಸ್ಟೇಬಲ್‌ಗಳು. ಇನ್ನೂ ನಾಲ್ವರು ದಾರಿಯಲ್ಲಿದ್ದರು.

ಡ್ರೈವರ್ ಈರಪ್ಪ ಗಾಡಿಯನ್ನು ನಿಂತಿದ್ದ ಟೆಂಪೋ ಒಂದರ ಮರೆಗೆ ತಂದ. ಶಶಿಕಲಾ ಕವಚ ತೊಟ್ಟು ಟೆಂಪೋ ಪಕ್ಕ ನಿಂತಳು. ಅಲ್ಲಿಂದ ಮೆಟ್ಟಿಲ ತಿರುವು ಕಾಣುತ್ತಿತ್ತು. ಬಿದ್ದವನ ಬಲತೋಳಿನಿಂದ ರಕ್ತ ಇಳಿಯುತ್ತಿತ್ತು.

"ನಾವು ಕೈ ಮಾಡೋವರೆಗೂ ಬರಬೇಡಿ ಮೇಡಂ," ಎಂದ ಕಾನ್‌ಸ್ಟೇಬಲ್.

ಜನ ಸೇರಿದ್ದರು. ಅವರ ನಡುವಿನಿಂದ ಒಬ್ಬ ಹೆಂಗಸು ಓಡಿ ಬಂದು ಶಶಿಕಲಾಳ ಎರಡೂ ಕಾಲು ತಬ್ಬಿಕೊಂಡಳು. "ನನ್ನ ಗಂಡ ಮೇಡಂ. ಹೋಗಿ ಮೇಡಂ. ನಿಮ್ಮ ದಮ್ಮಯ್ಯ ಅಂತೀನಿ."

"ಅವರ ಹೆಸರೇನಮ್ಮ?"

"ಮಹದೇವ್."

"ಎದ್ದೇಳಿ. ಅವರ ಹೆಸರು ಹಿಡಿದು ಕೂಗಿ. ನಿಲ್ಲಿಸಬೇಡಿ." ಆಮೇಲೆ ತಾನೂ ಗಂಟಲೆತ್ತಿದಳು. "ಮಹದೇವ್ ಅಣ್ಣಾ! ಎಡಗೈಯಿಂದ ಗಾಯಾನ ಒತ್ತಿ ಹಿಡ್ಕೊಳಿ! ಗೋಡೆಗೆ ಅದುಮಿ! ಕಣ್ಣು ಮುಚ್ಚಬೇಡಿ!"

ಅವನ ಎಡಗೈ ಮೆಲ್ಲಗೆ ಎದ್ದು ಬಲತೋಳಿನ ಮೇಲೆ ಕೂತಿತು. ಹೆಂಡತಿ ಕೂಗುತ್ತಲೇ ಇದ್ದಳು. ಹಿಂದಿನಿಂದ ಜನ ಬೈಯುತ್ತಿದ್ದರು. "ಆಂಬುಲೆನ್ಸ್ನೋಳು ನಿಂತ್ಕೊಂಡು ನೋಡ್ತಿದಾಳೆ ಗುರು. ವಿಡಿಯೋ ಮಾಡ್ಕೋ." ಈರಪ್ಪ ಅವರ ಮೇಲೆ ರೇಗಿಹೋದ. ಶಶಿಕಲಾ ಅವನ ತೋಳು ಹಿಡಿದು ನಿಲ್ಲಿಸಿದಳು. ಹೀಗೆ ಹನ್ನೊಂದು ನಿಮಿಷ ಕಳೆಯಿತು.

ಮಿಕ್ಕ ಪೊಲೀಸರು ಬಂದರು. ಗುರಾಣಿ ಹಿಡಿದ ಇಬ್ಬರು ಮೆಟ್ಟಿಲೇರಿ, ಮೇಲಿನವನನ್ನು ಒಳಕೋಣೆಯೊಳಕ್ಕೆ ಹಿಮ್ಮೆಟ್ಟಿಸಿ ಬಾಗಿಲಿಗೆ ಅಡ್ಡ ನಿಂತರು. ಕಾನ್‌ಸ್ಟೇಬಲ್ ಕೈ ಮಾಡಿದ. ಶಶಿಕಲಾ ಬಗ್ಗಿಕೊಂಡು ಓಡಿದಳು. ತೋಳಿಗೆ ಪಟ್ಟಿ, ಎರಡು ತಿರುವು, ಮೂರನೇ ತಿರುವಿಗೆ ರಕ್ತ ನಿಂತಿತು. ಎರಡು ನಿಮಿಷ ಮುಗಿಯುವುದರೊಳಗೆ ಮಹದೇವ್ ಗಾಡಿಯೊಳಗಿದ್ದ.

ಆದರೆ ಹನ್ನೆರಡು ಗಂಟೆಗೆ ಎಲ್ಲರ ಫೋನಿಗೂ ಬಂದ ವಿಡಿಯೋದಲ್ಲಿ ಇದ್ದದ್ದು ಮೂವತ್ತು ಸೆಕೆಂಡು ಮಾತ್ರ. ಕಾಲು ಹಿಡಿದು ಅಳುತ್ತಿರುವ ಹೆಂಗಸು, ಕದಲದೆ ನಿಂತ ಶಶಿಕಲಾ.

ಎದುರು ಮನೆಯ ವರಲಕ್ಷ್ಮಿ ಅಂಗಡಿಯ ಮುಂದೆ ಯಶೋದಮ್ಮನಿಗೆ ಅದನ್ನು ತೋರಿಸಿದಳು. ಕೊತ್ತಂಬರಿ ಸೊಪ್ಪು ಕೊಳ್ಳುತ್ತಿದ್ದ ಇನ್ನಿಬ್ಬರೂ ಬಗ್ಗಿ ನೋಡಿದರು.

"ನೋಡಿ ಆಂಟಿ, ನಿಮ್ಮ ಸೊಸೆ. ಅವಳು ಅಷ್ಟು ಗೋಗರೀತಿದಾಳೆ, ಇವರು ಕಂಬದ ಹಂಗೆ ನಿಂತಿದಾರೆ. ಒಂದು ಹೆಜ್ಜೆ ಮುಂದಿಡೋಕೆ ಏನಾಗಿತ್ತು?"

ಯಶೋದಮ್ಮ ವಿಡಿಯೋವನ್ನು ಇನ್ನೊಂದು ಸಲ ಹಾಕಿಸಿ ನೋಡಿದರು. ಸೊಸೆಗೆ ಎಲ್ಲೂ ಗಾಯವಾಗಿರಲಿಲ್ಲ. ಅದನ್ನು ಖಚಿತ ಮಾಡಿಕೊಂಡ ಮೇಲೆಯೇ ಬಾಯಿ ತೆರೆದರು.

"ನಿಲ್ಲೋದು ಸುಲಭ ಅಂದ್ಕೊಂಡಿದೀಯಾ ವರಲಕ್ಷ್ಮಿ? ನಿಲ್ಲೋದನ್ನ ಕಲಿಯೋಕೇ ಅವಳು ಆರು ವಾರ ಹೋಗಿದ್ದು. ನುಗ್ಗೋದಾಗಿದ್ರೆ ಯಾರು ಬೇಕಾದ್ರೂ ನುಗ್ಗಬಹುದು. ಆಮೇಲೆ ಎತ್ಕೊಂಡು ಬರೋರು ಬೇಡ್ವಾ? ಅವಳೇ ಬಿದ್ದಿದ್ರೆ ಇಬ್ಬರಾಗ್ತಿದ್ರು."

"ಆದ್ರೂ ಮನುಷ್ಯತ್ವ ಅಂತ..."

"ನನ್ನನ್ನೇ ದಾಟ್ಕೊಂಡು ಹೋಗಿದಾಳೆ ಅವಳು, ಗೊತ್ತಾ? ನಾನು ಗಂಟಲು ಹರ್ಕೊಂಡು ಕೂಗ್ತಿದ್ದೆ. ಬಾಯಿ ಇಲ್ಲದೆ ಬಿದ್ದಿದ್ದೋರ ಹತ್ರ ಹೋದ್ಲು. ಅದಕ್ಕೆ ಏನಂತೀಯ?"

ವರಲಕ್ಷ್ಮಿಗೆ ಏನೂ ಅರ್ಥವಾಗಲಿಲ್ಲ. ಯಶೋದಮ್ಮ ಸೊಪ್ಪನ್ನು ಅಲ್ಲೇ ಮರೆತು ಮನೆಗೆ ಬಂದು ಬಾಗಿಲ ಬಳಿ ಕೂತರು. ಅಂಜಿನಯ್ಯ ಊಟಕ್ಕೆ ಕರೆದರೂ ಏಳಲಿಲ್ಲ. ಫೋನು ಮಾಡಲೂ ಬಿಡಲಿಲ್ಲ. "ಕೆಲಸದಲ್ಲಿರ್ತಾಳೆ. ಬರಲಿ."

ನಾಲ್ಕು ಗಂಟೆಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿತು. ಶಶಿಕಲಾ ಮೇಲಿನ ಮೆಟ್ಟಿಲ ತನಕ ಬಂದವಳು ಒಳಗೆ ಬಾರದೆ ಅಲ್ಲೇ ಕುಸಿದು ಕೂತಳು. ಯೂನಿಫಾರ್ಮಿನ ತೋಳಿನಲ್ಲಿ ಒಣಗಿದ ಕಲೆಯಿತ್ತು.

"ವಿಡಿಯೋ ನೋಡಿದ್ರಾ ಅತ್ತೆ?"

"ನೋಡಿದೆ."

"ಅವಳು ನನ್ನ ಕಾಲು ಹಿಡ್ಕೊಂಡ್ಳು. ನಾನು ಹೋಗಲಿಲ್ಲ." ಶಶಿಕಲಾ ತನ್ನ ಕಾಲುಗಳನ್ನೇ ನೋಡಿಕೊಂಡಳು. "ಹೋಗಬಾರದಿತ್ತು, ಅದು ಸರಿ. ಆದ್ರೂ ಅವಳು ಕಾಲು ಹಿಡ್ಕೊಂಡಿದ್ದು ಮನಸ್ಸಿಂದ ಹೋಗ್ತಿಲ್ಲ ಅತ್ತೆ."

"ಅವನು?"

"ಆಪರೇಷನ್ ಆಯ್ತು. ಬದುಕ್ತಾನೆ. ಎರಡು ಬೆರಳು ಮಾತ್ರ ಸರಿಯಾಗಿ ಆಡಲ್ಲ ಅಂದ್ರು."

ಯಶೋದಮ್ಮ ಎದ್ದರು. ಗೋಡೆ ಹಿಡಿದು ಎರಡು ಮೆಟ್ಟಿಲು ಇಳಿದು, ಸೊಸೆಗಿಂತ ಕೆಳಗೆ, ಅವಳ ಕಾಲ ಬಳಿ ಕೂತರು. ಬಗ್ಗಿ ಅವಳ ಶೂ ಲೇಸಿಗೆ ಕೈ ಹಾಕಿದರು.

"ಅತ್ತೆ! ಏನ್ ಮಾಡ್ತಿದೀರ? ಕಾಲು ಮುಟ್ಟಬೇಡಿ."

"ಸುಮ್ನೆ ಕೂತ್ಕೋ. ಬೆಳಿಗ್ಗೆಯಿಂದ ನಿಂತಿದಾವೆ ಇವು."

ಗಂಟು ಬಿಗಿಯಾಗಿತ್ತು. ಯಶೋದಮ್ಮನ ಉಗುರಿಗೆ ಅದು ಬೇಗ ಸಿಗಲಿಲ್ಲ. ಶಶಿಕಲಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಕೆಳಗಿನ ಪವರ್ ಪ್ರೆಸ್ಸಿನ ಸದ್ದಿನಲ್ಲಿ ಅದು ಬೀದಿಗೆ ಕೇಳಿಸುವಂತಿರಲಿಲ್ಲ. ಯಶೋದಮ್ಮ ಅವಳಿಗೆ ಸುಮ್ಮನಿರು ಎನ್ನಲಿಲ್ಲ. ಮೊದಲ ಶೂ ಕಳಚಿ ಪಕ್ಕಕ್ಕಿಟ್ಟು, ಬೆವರಿದ ಪಾದವನ್ನು ಸೆರಗಿನಿಂದ ಒರೆಸಿ, ಎರಡನೆಯದಕ್ಕೆ ಕೈ ಹಾಕಿದರು.